ಮದ್ಯಸಾರದ ಮೋಟಾರು

ಮೋಟಾರು ವಾಹನಗಳ ವಿಷಯವಾಗಿ ನಾನು ಲೇಖನ ಬರೆಯಲು ಹೊರಟಿರುವೆನೆಂದು ತಿಳಿದರೆ ನನ್ನ ಹಳೆಯ ಸಹೋದ್ಯೋಗಿಗಳು ನಕ್ಕಾರು. ಬೈಸಿಕಲ್ಲನ್ನು ಎಡಗಡೆಯಿಂದ ಹತ್ತಬೇಕೋ ಬಲಗಡೆಯಿಂದಲೋ ಎಂಬುದು ಮೂವತ್ತಾರು ವರ್ಷಗಳ ಉಪಾಧ್ಯಾಯವೃತ್ತಿಯಲ್ಲಿ ನನಗೆ ನಿಶ್ಚಯವಾಗಲಿಲ್ಲ. ಹೊಸೂರು ಸೀಮೆಯ ಕನ್ನಡ ಶಾಲೆಗಳಲ್ಲಿ ವಿಜ್ಞಾನವನ್ನು ಬೋಧಿಸಿದವನು ನಾನು. ಇಂಜಿನ್ನಿನ ಚಿತ್ರವನ್ನು ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಅಂದವಾಗಿ ಬರೆಯಬಲ್ಲೆನೇ ಹೊರತು, ನಿಜವಾದ ಇಂಜಿನ್ನಿನ ಮುಚ್ಚಳವನ್ನು ತೆರೆದು ನೋಡಿದವನಲ್ಲ. ಆದರೂ ಬರೆಯುತ್ತಿದ್ದೇನೆ. ಮೋಟಾರಿನ ನೆಪದಲ್ಲಿ ನನ್ನ ಹಳೆಯದೊಂದು ಬಾಕಿ ತೀರಿತು. ಅದು ಹಣದ ಬಾಕಿಯಲ್ಲ, ಪಾಠದ ಬಾಕಿ. ಉಪಾಧ್ಯಾಯರೂ ವಿದ್ಯಾರ್ಥಿಗಳೂ ಓದುವ ಈ ಪತ್ರಿಕೆಯಲ್ಲಲ್ಲದೆ ಅದನ್ನು ಮತ್ತೆಲ್ಲಿ ಒಪ್ಪಿಕೊಳ್ಳಲಿ?

ಕಳೆದ ವರ್ಷ ಮಾರ್ಗಶಿರದ ಒಂದು ಸಂಜೆ ಮೂವತ್ತು ದಾಟಿದ ಯುವಕನೊಬ್ಬನು ನಮ್ಮ ಮನೆಗೆ ಬಂದು ಕಾಲಿಗೆ ನಮಸ್ಕರಿಸಿದನು. ಗುರುತು ಹತ್ತಲು ಸ್ವಲ್ಪ ಹೊತ್ತು ಹಿಡಿಯಿತು. ದೇಂಕಣಿಕೋಟೆಯ ಕಡೆಯ ಹಳ್ಳಿಯೊಂದರಿಂದ ನಮ್ಮ ಶಾಲೆಗೆ ಬರುತ್ತಿದ್ದ ಹುಡುಗ. ಗಣಿತದಲ್ಲಿ ನೂರಕ್ಕೆ ಮೂವತ್ತೈದನ್ನು ಮುಟ್ಟಲು ಹೆಣಗುತ್ತಿದ್ದವನು. ಆದರೆ ಶಾಲೆಯ ಗಡಿಯಾರ ನಿಂತರೆ ಮುಖ್ಯೋಪಾಧ್ಯಾಯರು ಕೂಗುತ್ತಿದ್ದುದು ಅವನನ್ನೇ. ಈಗ ಬಾಗಲೂರು ರಸ್ತೆಯಲ್ಲಿ ಅವನದೇ ಒಂದು ಸಣ್ಣ ಗ್ಯಾರೇಜು ಇದೆಯಂತೆ.

"ಮೇಷ್ಟ್ರೇ, ಒಂದು ಕಾರು ಬಂದಿದೆ. ಪಂದ್ಯದ ಕಾರು. ಪೆಟ್ರೋಲು ತೆಗೆದು ಎಥನಾಲಿಗೆ ಮಾಡಿಕೊಡಬೇಕಂತೆ. ಕೈಕೆಲಸ ನನಗೆ ಬರ್ತದೆ. ಆದರೆ ಆ ವಸ್ತು ಏನು, ಅದರ ಗುಣ ಏನು ಅಂತ ಬುಡದಿಂದ ತಿಳಿಯಬೇಕು. ನೀವು ಹೇಳಿಕೊಡಬೇಕು" ಎಂದನು. ಸ್ವಲ್ಪ ತಡೆದು, ನನ್ನ ಮುಖವನ್ನು ನೋಡದೆ, "ಆ ಪಾಠ ನಮ್ಮ ತರಗತೀಲಿ ಆಗಲಿಲ್ಲವಲ್ಲ" ಎಂದು ಸೇರಿಸಿದನು.

ನನಗೆ ಮಾತು ಹೊರಡಲಿಲ್ಲ. ಪಾಠ ಆಗಲಿಲ್ಲವೆಂಬುದನ್ನು ಅವನು ಮರೆತಿರಲಿಲ್ಲ. ನಾನೂ ಮರೆತಿರಲಿಲ್ಲ.

ಅದು 2008ನೆಯ ಇಸವಿ. ಆ ವರ್ಷದ ಮೇ ತಿಂಗಳಿನಲ್ಲಿ ವಿಷ ಬೆರೆತ ಕಳ್ಳಸಾರಾಯಿಯನ್ನು ಕುಡಿದು ಗಡಿಯ ಎರಡು ಕಡೆಗಳಲ್ಲಿಯೂ ಜನ ಸತ್ತರು. ಬೆಂಗಳೂರು, ಆನೇಕಲ್ಲು, ಕೋಲಾರದ ಕಡೆ, ಇತ್ತ ನಮ್ಮ ಕೃಷ್ಣಗಿರಿ ಜಿಲ್ಲೆ, ಎಲ್ಲವೂ ಸೇರಿ ನೂರಕ್ಕಿಂತ ಹೆಚ್ಚು ಜನ. ಸತ್ತವರು ಬಹುಮಟ್ಟಿಗೆ ಕೂಲಿ ಮಾಡಿ ಬದುಕುವವರು. ಕುಡಿದವರಿಗೆ ಮೊದಲು ಕಣ್ಣು ಮಂಜಾಯಿತು, ಆಮೇಲೆ ಉಸಿರು ಕಟ್ಟಿತು. ಈ ಹುಡುಗನ ತಂದೆ ಅವರಲ್ಲೊಬ್ಬನು. ಜೂನಿನಲ್ಲಿ ಶಾಲೆ ತೆರೆದಾಗ ಹುಡುಗನು ಬೋಳಿಸಿದ ತಲೆಯಲ್ಲಿ ಬಂದು ಹತ್ತನೆಯ ತರಗತಿಯ ಎರಡನೆಯ ಬೆಂಚಿನಲ್ಲಿ ಕುಳಿತನು.

ಇಂಗಾಲದ ಸಂಯುಕ್ತಗಳ ಪಾಠ ಬಂದಿತು. ಮೀಥೈಲ್ ಆಲ್ಕೊಹಾಲು, ಈಥೈಲ್ ಆಲ್ಕೊಹಾಲು. ಪುಸ್ತಕದ ಕನ್ನಡದಲ್ಲಿ ಮದ್ಯಸಾರ. ಪುಟವನ್ನು ತೆರೆದೆ. ಹುಡುಗನು ತಲೆ ತಗ್ಗಿಸಿ ಕುಳಿತಿದ್ದನು. "ಇದು ಸುಲಭವಾದ ಭಾಗ, ಮನೆಯಲ್ಲಿ ಓದಿಕೊಳ್ಳಿ" ಎಂದು ಹೇಳಿ ಮುಂದಿನ ಪಾಠಕ್ಕೆ ಹೋದೆ. ಅದನ್ನು ಕರುಣೆಯೆಂದು ನಾನು ಅಂದು ಭಾವಿಸಿದ್ದೆ. ಈಗ ಯೋಚಿಸಿದರೆ ಅದರಲ್ಲಿ ಕರುಣೆಗಿಂತ ಹೇಡಿತನವೇ ಹೆಚ್ಚಾಗಿತ್ತೆನಿಸುತ್ತದೆ. ತಂದೆ ಏಕೆ ಸತ್ತನೆಂಬುದನ್ನು ತಿಳಿಯಬೇಕಾಗಿದ್ದ ಹುಡುಗನಿಗೆ ಆ ತಿಳಿವಳಿಕೆಯನ್ನು ಕೊಡಬಲ್ಲವನು ಆ ಹಳ್ಳಿಗಾಡಿನಲ್ಲಿ ನಾನೊಬ್ಬನೇ ಇದ್ದೆ. ನಾನು ಪುಟವನ್ನು ಮಗುಚಿಬಿಟ್ಟೆ.

ಮರುದಿನವೇ ಅವನ ಗ್ಯಾರೇಜಿಗೆ ಹೋದೆ. ಚಂದ್ರಚೂಡೇಶ್ವರನ ಗುಡ್ಡದ ಮೇಲೆ ಇನ್ನೂ ಮಂಜು ಕವಿದಿತ್ತು. ತಗಡಿನ ಮಾಡಿನ ಕೆಳಗೆ, ನೆಲಕ್ಕೆ ಹೊಟ್ಟೆ ತಾಗುವಂತೆ ಆ ಕಾರು ಕುಳಿತಿತ್ತು. ಅದರ ಒಡೆಯನು ಬೆಂಗಳೂರಿನವನು, ವೇಗದ ಹುಚ್ಚಿನವನು. ಸಾಮಾನ್ಯ ರಸ್ತೆಯಲ್ಲಿ ಅದು ಓಡುವಂತಿಲ್ಲ. ವಾಹನದ ಮೂಲ ರಚನೆಯನ್ನು ಮನಬಂದಂತೆ ಬದಲಾಯಿಸುವುದಕ್ಕೆ 1988ರ ಮೋಟಾರು ವಾಹನಗಳ ಕಾಯಿದೆಯ ತಡೆಯುಂಟು. ಅದನ್ನು ಲಾರಿಯ ಮೇಲೆ ಹೇರಿಕೊಂಡು ಹೋಗಿ ಚೆನ್ನೈ ಬಳಿಯ ಇರುಂಗಾಟ್ಟುಕೋಟೆಯ ಪಂದ್ಯದ ಹಾದಿಯಲ್ಲಿ ಮಾತ್ರವೇ ಓಡಿಸುವರಂತೆ.

ಮನೆಯಿಂದ ನಾನು ಒಂದು ಸ್ಪಿರಿಟ್ ದೀಪವನ್ನು ಒಯ್ದಿದ್ದೆ. ನಿವೃತ್ತನಾದ ದಿನ ಮಕ್ಕಳು ನನಗೆ ಕೊಟ್ಟ ಕಾಣಿಕೆ ಅದು. ದೀಪವನ್ನು ಹಚ್ಚಿ ಬಾಗಿಲ ಮರೆಗೆ ಇಟ್ಟೆ. ನೀಲಿಯ ಕುಡಿ ಎದ್ದಿತು, ಮಸಿಯಿಲ್ಲ, ಹೊಗೆಯಿಲ್ಲ. ಶಿಷ್ಯನು ಒಂದು ಡಬ್ಬಿಯ ಮೇಲೆ ಕುಳಿತನು. ಹದಿನೇಳು ವರ್ಷ ತಡವಾಗಿ ಪಾಠ ಆರಂಭವಾಯಿತು.

ಮದ್ಯಸಾರವೆಂಬುದು ಒಂದು ವಸ್ತುವಲ್ಲ, ಒಂದು ಕುಟುಂಬ. ಅದರ ಹಿರಿಯ ಮಗ ಮೆಥನಾಲು; ಇಂಗಾಲದ ಪರಮಾಣು ಅದರಲ್ಲಿ ಒಂದು. ಎರಡನೆಯವನು ಎಥನಾಲು, ಇಂಗಾಲ ಎರಡು. ಬಣ್ಣದಲ್ಲಿ ಇಬ್ಬರೂ ನೀರಿನಂತೆ, ವಾಸನೆಯಲ್ಲಿಯೂ ಹತ್ತಿರ. ಆದರೆ ಮೆಥನಾಲು ದೇಹವನ್ನು ಸೇರಿದರೆ ಪಿತ್ತಜನಕಾಂಗದಲ್ಲಿ ಮೊದಲು ಫಾರ್ಮಾಲ್ಡಿಹೈಡ್ ಆಗಿ, ಆಮೇಲೆ ಫಾರ್ಮಿಕ್ ಆಮ್ಲವಾಗುತ್ತದೆ. ಇರುವೆ ಕಚ್ಚಿದಾಗ ಉರಿಯುವುದು ಇದೇ ಆಮ್ಲದಿಂದ. ಅದು ಕಣ್ಣಿನ ನರವನ್ನು ಸುಡುತ್ತದೆ. ರಕ್ತವನ್ನು ಆಮ್ಲಮಯವಾಗಿ ಮಾಡಿ ಉಸಿರನ್ನು ನಿಲ್ಲಿಸುತ್ತದೆ.

"ಹಾಗಾದರೆ ಅಪ್ಪನಿಗೆ ಆದದ್ದು ಇದೇ?" ಎಂದನು.

"ಇದೇ ಅಪ್ಪಾ."

ಇನ್ನೊಂದು ಸಂಗತಿಯನ್ನು ಹೇಳಬೇಕೋ ಬೇಡವೋ ಎಂದು ಅನುಮಾನಿಸಿದೆ. ಒಮ್ಮೆ ಮುಚ್ಚಿಟ್ಟದ್ದು ಸಾಕೆಂದು ಹೇಳಿಯೇ ಬಿಟ್ಟೆ. ಮೆಥನಾಲಿನ ವಿಷಕ್ಕೆ ಆಸ್ಪತ್ರೆಯ ವೈದ್ಯರು ಬಳಸುವ ಪ್ರತಿವಿಷಗಳಲ್ಲಿ ಎಥನಾಲೂ ಒಂದು. ದೇಹದ ಒಂದೇ ಕಿಣ್ವ ಎರಡನ್ನೂ ಒಡೆಯುವುದಾದರೂ ಅದು ಮೊದಲು ಕೈಹಾಕುವುದು ಎಥನಾಲಿಗೆ. ಅಷ್ಟರಲ್ಲಿ ಮೆಥನಾಲು ವಿಷವಾಗಿ ಮಾರ್ಪಡದೆಯೇ ದೇಹದಿಂದ ಹೊರಗೆ ಹೋಗಲು ಅವಕಾಶ ದೊರೆಯುತ್ತದೆ. ಇದು ವೈದ್ಯನು ಅಳೆದು ತೂಗಿ ಕೊಡುವ ಮದ್ದು. ಮನೆಯಲ್ಲಿ ಮಾಡುವ ಉಪಾಯವಲ್ಲ. ಆದರೂ ಕೊಂದವನೂ ಕಾಯುವವನೂ ಒಂದೇ ಮನೆಯ ಮಕ್ಕಳೆಂಬುದು ನಿಜ.

ಅವನು ಬಹಳ ಹೊತ್ತು ದೀಪವನ್ನೇ ನೋಡುತ್ತಿದ್ದನು. ಬಳಿಕ ಎದ್ದು, "ಸರಿ ಮೇಷ್ಟ್ರೇ, ಮುಂದೆ ಹೇಳಿ" ಎಂದನು.

ಮುಂದಿನದು ಪಂದ್ಯದ ಕಾರುಗಳ ಕಥೆ. ಅಮೆರಿಕದ ಇಂಡಿಯಾನಾಪೊಲಿಸ್ಸಿನ ಪಂದ್ಯದಲ್ಲಿ 1964ರಲ್ಲಿ ಪೆಟ್ರೋಲಿಗೆ ಬೆಂಕಿ ಹತ್ತಿ ಇಬ್ಬರು ಚಾಲಕರು ಸತ್ತರು. ಅದಾದ ಮೇಲೆ ಅಲ್ಲಿ ಮೆಥನಾಲು ಬಂದಿತು. ಅದರ ಬೆಂಕಿಯನ್ನು ನೀರಿನಿಂದ ಆರಿಸಬಹುದು. ಆದರೆ ಹಗಲಿನ ಬೆಳಕಿನಲ್ಲಿ ಆ ಜ್ವಾಲೆ ಕಣ್ಣಿಗೆ ಕಾಣುವುದೇ ಇಲ್ಲ. 2007ರಲ್ಲಿ ಅಲ್ಲಿಯೂ ಎಥನಾಲು ಅದರ ಸ್ಥಾನವನ್ನು ಪಡೆಯಿತು. ಕಣ್ಣನ್ನು ಕಳೆಯುವ ದ್ರವದ ಬೆಂಕಿಯೂ ಕಣ್ಣಿಗೆ ಕಾಣದು ಎಂದಾಗ ಶಿಷ್ಯನು, "ಅದನ್ನು ನಮ್ಮ ಗ್ಯಾರೇಜಿಗೆ ಬಿಟ್ಟುಕೊಳ್ಳುವುದಿಲ್ಲ" ಎಂದಷ್ಟೇ ಹೇಳಿದನು.

ಆಮೇಲೆ ಲೆಕ್ಕ ಬಂದಿತು. ಒಂದು ತೂಕ ಪೆಟ್ರೋಲು ಪೂರ್ತಿಯಾಗಿ ಉರಿಯಲು 14.7 ತೂಕ ಗಾಳಿ ಬೇಕು. ಎಥನಾಲಿಗೆ 9 ತೂಕ ಸಾಕು. ಏಕೆಂದರೆ ಎಥನಾಲು ತನಗೆ ಬೇಕಾದ ಆಮ್ಲಜನಕದ ಒಂದು ಪಾಲನ್ನು ಬುತ್ತಿಯಂತೆ ತಾನೇ ಕಟ್ಟಿಕೊಂಡು ಬರುತ್ತದೆ. ಇಂಜಿನ್ನು ಒಂದು ಉಸಿರಿಗೆ ಎಳೆದುಕೊಳ್ಳುವ ಗಾಳಿ ಬದಲಾಗುವುದಿಲ್ಲ. ಹಾಗಾದರೆ ಅದೇ ಗಾಳಿಗೆ ಎಷ್ಟು ಹೆಚ್ಚು ಇಂಧನ ಬೇಕು? ನಾನು ಬಾಯಿ ತೆರೆಯುವುದರೊಳಗೆ, ತ್ರೈರಾಶಿಯಲ್ಲಿ ಸೊನ್ನೆ ತೆಗೆದುಕೊಂಡಿದ್ದ ಆ ಹುಡುಗನು ಗ್ಯಾರೇಜಿನ ಕದದ ಮೇಲೆ ಸೀಮೆಸುಣ್ಣದಿಂದ ಭಾಗಿಸಿ 1.63 ಎಂದು ಬರೆದನು. ಮತ್ತೆ ತಾನೇ ತಲೆ ಕೆರೆದುಕೊಂಡು, "ಇದು ತೂಕದ ಲೆಕ್ಕ. ಎಥನಾಲು ಪೆಟ್ರೋಲಿಗಿಂತ ಸ್ವಲ್ಪ ಭಾರ. ಲೀಟರಿನ ಲೆಕ್ಕಕ್ಕೆ ಒಂದೂವರೆ ಅಂದುಕೊಳ್ಳಬಹುದಲ್ಲವೇ?" ಎಂದನು. ಅಲ್ಲವೆನ್ನಲು ನನ್ನಲ್ಲಿ ಏನೂ ಇರಲಿಲ್ಲ. ಬೇಕಾದಾಗ ಲೆಕ್ಕ ತಾನಾಗಿ ಬರುತ್ತದೆ. ನಾವು ಬೇಡವಾದಾಗ ಕಲಿಸಿ ಹೊಡೆಯುತ್ತೇವೆ.

ಈ ಲೆಕ್ಕದ ಮೇಲೆಯೇ ಉಳಿದ ಕೆಲಸವೆಲ್ಲವೂ ನಿಂತಿತು. ಒಂದೂವರೆ ಪಾಲು ಇಂಧನವನ್ನು ಚಿಮ್ಮಬಲ್ಲ ಇಂಜೆಕ್ಟರುಗಳು ಬಂದವು. ಅಷ್ಟನ್ನು ಒದಗಿಸಬಲ್ಲ ಪಂಪು ಬಂದಿತು. ಎಷ್ಟು ಹೊತ್ತು ಚಿಮ್ಮಬೇಕೆಂದು ಆಜ್ಞಾಪಿಸುವ ಪುಟ್ಟ ಗಣಕಕ್ಕೆ ಹೊಸ ಪಾಠವನ್ನು ಹೇಳಿದ್ದಾಯಿತು. ಹಳೆಯ ರಬ್ಬರು ಕೊಳವೆಗಳನ್ನು ಎಥನಾಲು ಉಬ್ಬಿಸಿ ಮೆತ್ತಗೆ ಮಾಡುವುದರಿಂದ ಅವೆಲ್ಲ ಹೋದವು. ನೀರನ್ನು ಗಾಳಿಯಿಂದಲೇ ಹೀರುವ ಚಾಳಿ ಎಥನಾಲಿಗೆ ಉಂಟು; ನೀರು ಸೇರಿದ ಎಥನಾಲು ಕೆಲವು ಲೋಹಗಳನ್ನು ತಿನ್ನುತ್ತದೆ. ಆದುದರಿಂದ ಟಾಂಕಿಯ ಮುಚ್ಚಳದಿಂದ ಹಿಡಿದು ಎಲ್ಲವೂ ಬಿಗಿಯಾಗಿರಬೇಕು.

ಇಷ್ಟೆಲ್ಲ ಖರ್ಚಿನಿಂದ ದೊರೆಯುವುದೇನು? ಒಂದು ಲೀಟರು ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲು ಶಕ್ತಿಯಿದ್ದರೆ ಎಥನಾಲಿನಲ್ಲಿ 21. ಎಂದರೆ ಮೂರರಲ್ಲಿ ಎರಡು ಪಾಲು. ಮಿತವ್ಯಯಿಗೆ ಇದು ನಷ್ಟದ ಬಾಬು. ವೇಗದ ಹುಚ್ಚನಿಗೆ ಲಾಭ ಬೇರೆ ಕಡೆಯಲ್ಲಿದೆ. ಎಥನಾಲು ಆವಿಯಾಗುವಾಗ ಬಹಳ ಶಾಖವನ್ನು ಹೀರಿ ಒಳಗಿನ ಗಾಳಿಯನ್ನು ತಂಪು ಮಾಡುತ್ತದೆ. ತಂಪಾದ ಗಾಳಿ ಒತ್ತಾಗಿ ತುಂಬುತ್ತದೆ. ಹೆಚ್ಚು ಒತ್ತಿದರೂ ಹೊತ್ತಿಗೆ ಮೊದಲೇ ಸಿಡಿದು ಇಂಜಿನ್ನನ್ನು ಸುಲಭವಾಗಿ ಬಡಿಯುವುದಿಲ್ಲ. ಆ ತಾಳ್ಮೆಯನ್ನು ಅಳೆಯುವ ಆಕ್ಟೇನು ಸಂಖ್ಯೆ ನಮ್ಮ ಪೆಟ್ರೋಲಿನಲ್ಲಿ ತೊಂಬತ್ತರ ಆಸುಪಾಸಿನಲ್ಲಿದ್ದರೆ ಎಥನಾಲಿನಲ್ಲಿ ನೂರನ್ನು ಮೀರುತ್ತದೆ. ಒಟ್ಟಿನಲ್ಲಿ, ಹೆಚ್ಚು ಉಣ್ಣುತ್ತದೆ, ಹೆಚ್ಚು ದುಡಿಯುತ್ತದೆ.

ಹೊಸೂರಿನವರಿಗೆ ಇದು ತೀರ ಹೊಸದೇನೂ ಅಲ್ಲ. ನಮ್ಮೂರಿನ ಟಿ.ವಿ.ಎಸ್. ಕಾರ್ಖಾನೆಯವರು 2019ರ ಜುಲೈಯಲ್ಲಿ ಎಥನಾಲಿನಿಂದಲೇ ಓಡುವ ಅಪಾಚೆ ಮೋಟಾರು ಸೈಕಲ್ಲನ್ನು ಹೊರತಂದರು. ನಮ್ಮ ದೇಶದಲ್ಲಿ ಅಂಥದು ಅದೇ ಮೊದಲನೆಯದು. ಆ ಸಂಸ್ಥೆಯ ಮೂಲಪುರುಷರಾದ ಟಿ.ವಿ. ಸುಂದರಂ ಅಯ್ಯಂಗಾರ್ಯರು ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ಸಿಕ್ಕದೆ ಹೋದಾಗ ವಾಹನಗಳಿಗಾಗಿ ಅನಿಲಯಂತ್ರವನ್ನು ನಿರ್ಮಿಸಿದ್ದವರು. ಯುದ್ಧದ ದಿನಗಳಲ್ಲಿ ಬಸ್ಸಿನ ಬೆನ್ನಿಗೆ ಇದ್ದಲಿನ ಒಲೆಯನ್ನು ಕಟ್ಟಿಕೊಂಡು ಓಡಾಡುತ್ತಿದ್ದುದನ್ನು ನಮ್ಮ ತಂದೆಯವರು ವರ್ಣಿಸುತ್ತಿದ್ದರು: ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳಬೇಕಾಗಿತ್ತಂತೆ. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ಪೆಟ್ರೋಲಿಗೆ ಮದ್ಯಸಾರವನ್ನು ಬೆರೆಸುವ ವಿಷಯವಾಗಿ ದೇಶದಲ್ಲಿ ಒಂದು ಕಾಯಿದೆಯೇ ಆಯಿತು. ಅದು ಬಹುಕಾಲ ಪುಸ್ತಕದಲ್ಲಿಯೇ ನಿದ್ರಿಸಿತು. 2003ರಲ್ಲಿ ನೂರಕ್ಕೆ ಐದರಂತೆ ಬೆರಕೆ ಆರಂಭವಾಗಿ, 2022ರಲ್ಲಿ ಹತ್ತಕ್ಕೆ, 2025ರಲ್ಲಿ ಇಪ್ಪತ್ತಕ್ಕೆ ಮುಟ್ಟಿತು. 2024ರ ಮಾರ್ಚಿನಲ್ಲಿ ಕರ್ನಾಟಕ, ತಮಿಳುನಾಡು ಮೊದಲಾದ ಐದು ಕಡೆಗಳಲ್ಲಿ ಬಹುಪಾಲು ಎಥನಾಲೇ ಆಗಿರುವ ಇಂಧನವನ್ನು ಕೆಲವು ಬಂಕುಗಳಲ್ಲಿ ಮಾರಲು ತೊಡಗಿದರು.

ಆದರೆ ಈ ಸೀಮೆಗೆ ಮದ್ಯಸಾರದ ಇನ್ನೊಂದು ಚರಿತ್ರೆಯೂ ಇದೆ. ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿಯವರು ಮದರಾಸು ಪ್ರಾಂತದ ಪ್ರಧಾನರಾದಾಗ, 1937ರ ಅಕ್ಟೋಬರ್ 1ರಂದು ಪಾನನಿರೋಧವನ್ನು ಮೊತ್ತಮೊದಲು ತಂದದ್ದು ಸೇಲಂ ಜಿಲ್ಲೆಯಲ್ಲಿ. ನಮ್ಮ ಹೊಸೂರು, ಕೃಷ್ಣಗಿರಿ ತಾಲ್ಲೂಕುಗಳು ಆಗ ಆ ಜಿಲ್ಲೆಗೆ ಸೇರಿದ್ದವು. ಹೆಂಡದ ಮಡಕೆಗಳು ಮೊದಲು ಒಡೆದ ನೆಲದಲ್ಲಿಯೇ ಮದ್ಯಸಾರವನ್ನು ಕುಡಿಯುವ ಮೋಟಾರು ಸೈಕಲ್ಲು ಹುಟ್ಟಿತು! ರಾಜಾಜಿಯವರು ಇದ್ದಿದ್ದರೆ ಏನೆನ್ನುತ್ತಿದ್ದರೋ ಊಹಿಸಲಾರೆ. ಮನುಷ್ಯನಿಗೆ ಬೇಡವೆಂದವರು ಯಂತ್ರಕ್ಕೂ ಬೇಡವೆನ್ನುತ್ತಿದ್ದರೆಂದು ಹೇಳಲು ಕಾರಣವಿಲ್ಲ.

ಯಂತ್ರಕ್ಕೆ ಬೇಡವೆನ್ನಲು ನನಗೂ ಮನಸ್ಸಿಲ್ಲ. ಆದರೂ ಒಂದು ಅಳುಕು ಇದೆ. ಈ ದ್ರವ ಆಕಾಶದಿಂದ ಇಳಿಯುವುದಿಲ್ಲ. ಕಬ್ಬಿನ ಕಾಕಂಬಿಯಿಂದ, ನುಚ್ಚಕ್ಕಿಯಿಂದ, ಮುಸುಕಿನ ಜೋಳದಿಂದ ಬರುತ್ತದೆ. ಮಳೆ ಕೈಕೊಟ್ಟ 2023ರ ಡಿಸೆಂಬರಿನಲ್ಲಿ ಸಕ್ಕರೆ ಸಾಲದೆಂದು ಕಬ್ಬಿನ ಹಾಲನ್ನು ಎಥನಾಲಿಗೆ ಹರಿಸುವುದನ್ನು ಕೇಂದ್ರ ಸರ್ಕಾರವೇ ತಡೆಯಬೇಕಾಯಿತು. ಮರುವರ್ಷ ಆ ತಡೆಯನ್ನು ತೆಗೆದರು. ರಾಗಿಯ ಹೊಲಕ್ಕೆ ಮಳೆಯನ್ನೇ ನಂಬಿರುವ ನಮ್ಮಂಥ ಸೀಮೆಯವರು ನೀರಿನ ಈ ಪಾಲುಗಾರಿಕೆಯನ್ನು ಮರೆಯುವಂತಿಲ್ಲ. ಕಸಕಡ್ಡಿ, ಹುಲ್ಲುಗಳಿಂದ ತೆಗೆಯುವ ವಿದ್ಯೆ ಬಲಿತರೆ ನನ್ನ ಅಳುಕು ಅಡಗೀತು.

ಇನ್ನು ಕಾರಿನ ವಿಷಯ. ಎಲ್ಲವನ್ನೂ ಜೋಡಿಸಿ ಮೊದಲ ಸಲ ಓಡಿಸಿದಾಗ ಅದು ಗ್ಯಾರೇಜಿನ ಹಿಂದಿನ ಖಾಸಗಿ ಬಯಲಿನಲ್ಲಿ ಎರಡು ಸುತ್ತು ಹಾಕಿ ಕೆಮ್ಮಿ ನಿಂತಿತು. ಎಥನಾಲು ಒಳ್ಳೆಯ ದ್ರಾವಕವಲ್ಲವೇ? ಟಾಂಕಿಯ ತಳದಲ್ಲಿ ವರ್ಷಗಳಿಂದ ಅಂಟಿದ್ದ ಪೆಟ್ರೋಲಿನ ಜಿಡ್ಡನ್ನೆಲ್ಲ ತೊಳೆದು ತಂದು ಫಿಲ್ಟರಿಗೆ ತುಂಬಿತ್ತು. ಫಿಲ್ಟರನ್ನು ಬದಲಾಯಿಸಿದ್ದಾಯಿತು. ಮರುದಿನ ಮುಂಜಾನೆ ಚಳಿಯಲ್ಲಿ ಇಂಜಿನ್ನು ಹೊತ್ತಿಕೊಳ್ಳಲೇ ಇಲ್ಲ. ಪೆಟ್ರೋಲು ಚಳಿಯಲ್ಲಿಯೂ ಆವಿಯಾಗುತ್ತದೆ. ಎಥನಾಲಿಗೆ ಸ್ವಲ್ಪ ಬಿಸುಪು ಬೇಕು. ಬ್ರೆಜಿಲ್ ದೇಶದಲ್ಲಿ 1979ರಲ್ಲಿ ಶುದ್ಧ ಎಥನಾಲಿನ ಕಾರುಗಳು ಬಂದಾಗ ಇದೇ ತೊಡಕಿಗೆ ಇಂಜಿನ್ನಿನ ಪಕ್ಕದಲ್ಲಿ ಒಂದು ಪುಟ್ಟ ಪೆಟ್ರೋಲು ಡಬ್ಬಿಯನ್ನು ಇಟ್ಟಿದ್ದರೆಂದು ಓದಿದ ನೆನಪಾಗಿ ಹೇಳಿದೆ. ಶಿಷ್ಯನು ಅರ್ಧ ದಿನದಲ್ಲಿ ಅದನ್ನು ಮಾಡಿ ಮುಗಿಸಿದನು. ನನ್ನ ಜೀವಮಾನದಲ್ಲಿ ನಾನು ಮೋಟಾರು ವಿದ್ಯೆಗೆ ಸಲ್ಲಿಸಿದ ಸೇವೆ ಇಷ್ಟೇ.

ಇಂಜಿನ್ನಿನ ತೊಡಕು ಹೀಗೆ ಬಗೆಹರಿಯಿತು. ಮನೆಯ ತೊಡಕು ಉಳಿದಿತ್ತು. ಒಂದು ದಿನ ಅವನು ಮಂಕಾಗಿ ಬಂದನು. "ಅಮ್ಮ ಮೂರು ದಿನದಿಂದ ಮಾತಾಡ್ತಿಲ್ಲ ಮೇಷ್ಟ್ರೇ. ನನ್ನ ಅಂಗೀಲಿ ವಾಸನೆ ಬರ್ತದಂತೆ. ನಿಮ್ಮಪ್ಪನ ದಾರಿ ಹಿಡಿದೆಯಾ ಅಂತ ಒಂದೇ ಮಾತು ಕೇಳಿದಳು. ಊಟಕ್ಕಿಟ್ಟು ಎದ್ದು ಹೋಗ್ತಾಳೆ."

ಅವನು ಬೀಡಿಯನ್ನೂ ಮುಟ್ಟಿದವನಲ್ಲ. ಆದರೆ ಆ ತಾಯಿಗೆ ಆ ವಾಸನೆ ವಾಸನೆಯಷ್ಟೇ ಅಲ್ಲ. ಹದಿನೇಳು ವರ್ಷಗಳ ಹಿಂದೆ ಒಂದು ರಾತ್ರಿ ಗಂಡನು "ದೀಪ ಯಾಕೆ ಆರಿಸಿದೆ?" ಎಂದು ಕೇಳಿದನಂತೆ. ದೀಪ ಉರಿಯುತ್ತಲೇ ಇತ್ತು.

ನಾನು ಅವರ ಮನೆಗೆ ಹೋದೆ. ಆ ತಾಯಿ ಚಾಪೆ ಹಾಸಿ, ನೀರು ಕೊಟ್ಟು, ಬಾಗಿಲ ಬಳಿ ನಿಂತಳು. ಪರಮಾಣುಗಳ ಮಾತು ಅಲ್ಲಿ ನಡೆಯುವಂತಿರಲಿಲ್ಲ. "ತಾಯಿ, ನಿಮ್ಮ ಮಗ ಕುಡಿದಿಲ್ಲ. ಅವನು ಮಾಡುತ್ತಿರುವ ಕೆಲಸವನ್ನು ಒಂದು ಸಲ ಬಂದು ಕಣ್ಣಾರೆ ನೋಡಿ. ಆಮೇಲೆ ಬೇಡವೆಂದರೆ ನಾನೇ ಬಿಡಿಸುತ್ತೇನೆ" ಎಂದೆ. ಆ ಮಾತನ್ನು ಆಡುವಾಗ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. ಶಿಷ್ಯನು ಆ ಕೆಲಸಕ್ಕೆ ಸಾಲ ಮಾಡಿದ್ದನು.

ಮರುದಿನ ಅವಳು ಬಂದಳು. ಶಿಷ್ಯನು ಡಬ್ಬಿಯನ್ನು ಎತ್ತಿ ಟಾಂಕಿಗೆ ಸುರಿದನು. ವಾಸನೆ ಎದ್ದಿತು, ಅವಳು ಸೆರಗಿನಿಂದ ಮೂಗನ್ನು ಮುಚ್ಚಿಕೊಂಡಳು. ಆದರೆ ಹೊರಗೆ ಹೋಗಲಿಲ್ಲ. ಇಂಜಿನ್ನು ಗುಡುಗಿತು. ಮಗನು ಆ ನೆಲಮುಟ್ಟ ಕಾರಿನಲ್ಲಿ ಕುಳಿತು ಬಯಲಿನ ಸುತ್ತ ಐದಾರು ಸುತ್ತು ಬಂದು, ಹೊರಟ ಗೆರೆಯ ಮೇಲೆಯೇ ತಂದು ನಿಲ್ಲಿಸಿದನು.

"ಇದನ್ನು ಮನುಷ್ಯ ಕುಡಿದರೆ?" ಎಂದು ನನ್ನನ್ನು ಕೇಳಿದಳು.

"ಕುಡಿಯುವಂತಿಲ್ಲ ತಾಯಿ. ಯಾರೂ ಕುಡಿಯದಿರಲೆಂದೇ ಇದಕ್ಕೆ ಪೆಟ್ರೋಲನ್ನು ಬೆರೆಸಿರುತ್ತಾರೆ. ವಿಷ."

ಅವಳು ಕಾರನ್ನು ಮತ್ತೊಮ್ಮೆ ನೋಡಿದಳು. "ಕುಡಿದೂ ನೆಟ್ಟಗೆ ಮನೆಗೆ ಬಂದದ್ದು ಇದೊಂದನ್ನೇ ಕಂಡೆ" ಎಂದಳು.

ನಗಬೇಕೋ ಅಳಬೇಕೋ ನಮಗಿಬ್ಬರಿಗೂ ತಿಳಿಯಲಿಲ್ಲ. ಅವಳೇ ಮಗನ ಕಡೆಗೆ ತಿರುಗಿ, ಕೆಲಸದ ಬಟ್ಟೆಯನ್ನು ಗ್ಯಾರೇಜಿನಲ್ಲಿಯೇ ಕಳಚಿಟ್ಟು, ಕೈಕಾಲು ತೊಳೆದು ಬಂದರೆ ಸರಿ, ಇಲ್ಲವಾದರೆ ಹೊಸ್ತಿಲು ದಾಟಕೂಡದೆಂದು ಕಟ್ಟಳೆ ಮಾಡಿದಳು. ಅಂದು ರಾತ್ರಿ ಊಟಕ್ಕೆ ಬಡಿಸಿ ಎದುರಿಗೇ ಕುಳಿತಳೆಂದು ಶಿಷ್ಯನು ಮರುದಿನ ಹೇಳಿದನು.

ಸ್ಪಿರಿಟ್ ದೀಪವನ್ನು ನಾನು ಗ್ಯಾರೇಜಿನಲ್ಲಿಯೇ ಬಿಟ್ಟು ಬಂದಿದ್ದೇನೆ. ಅವನ ಬಳಿ ಕೆಲಸ ಕಲಿಯಲು ಬರುವ ಹುಡುಗರಿಗೆ ಪಾನೆ ಹಿಡಿಯುವುದಕ್ಕೆ ಮೊದಲು ಅದನ್ನು ಹಚ್ಚಿ ತೋರಿಸಿ, ಒಂದು ಇಂಗಾಲಕ್ಕೂ ಎರಡು ಇಂಗಾಲಕ್ಕೂ ಇರುವ ಅಂತರವನ್ನು ಅವನೇ ವಿವರಿಸುತ್ತಾನಂತೆ. ತಂದೆಯ ಮಾತನ್ನೂ ಮುಚ್ಚಿಡುವುದಿಲ್ಲವಂತೆ.

ಈ ಪತ್ರಿಕೆಯನ್ನು ಓದುವ ನನ್ನ ವೃತ್ತಿಬಾಂಧವರಲ್ಲಿ ಒಂದು ವಿಜ್ಞಾಪನೆ. ತರಗತಿಯಲ್ಲಿ ನೊಂದ ಮಗುವೊಂದು ಕುಳಿತಿರುವಾಗ, ಅದರ ನೋವಿಗೆ ಸಂಬಂಧಿಸಿದ ಪುಟ ಬಂದರೆ ದಯವಿಟ್ಟು ಮಗುಚಬೇಡಿ. ಮೆಲ್ಲಗೆ ಓದಿ, ಬೇಕಾದರೆ ಎರಡು ದಿನ ತೆಗೆದುಕೊಳ್ಳಿ, ಆದರೆ ಓದಿ. ನಾನು ಬಿಟ್ಟ ಪಾಠವನ್ನು ಕೇಳಲು ನನ್ನ ಶಿಷ್ಯನು ಹಿಂದಿರುಗಿ ಬಂದದ್ದು ನನ್ನ ಪುಣ್ಯ. ಎಲ್ಲರೂ ಹಿಂದಿರುಗಿ ಬರುವುದಿಲ್ಲ.